ಮಾತು ತಡವರಿಸಿದಾಗ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸೋಣ: ಇಂಗ್ಲಿಷ್ ಪಾಠದ ಬಗ್ಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಉಪನಿರ್ದೇಶಕರಿಗೆ, ಎರಡೂ ಜಿಲ್ಲೆಗಳ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಂಶುಪಾಲರಿಗೆ,

ನಮಸ್ಕಾರಗಳು.

ನಾನು ಚಿತ್ರದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 19 ವರ್ಷಗಳಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಮಕ್ಕಳೆಲ್ಲ ಸುತ್ತಲಿನ ನಾಲ್ಕೈದು ಹಳ್ಳಿಗಳಿಂದ ಬರುವವರು. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಒಂದು ಮಾತನ್ನು ತಮ್ಮ ಮುಂದೆಯೂ ನನ್ನ ಹಾಗೆ ಇಂಗ್ಲಿಷ್ ಪಾಠ ಮಾಡುವ ಎಲ್ಲ ಶಿಕ್ಷಕರ ಮುಂದೆಯೂ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬಳಿ ಎರಡು ಘಟನೆಗಳಿವೆ. ಒಂದು ಕೋಟೆಯದು, ಇನ್ನೊಂದು ಮಂಡಕ್ಕಿಯದು.

ಮಂಡಕ್ಕಿಯದನ್ನೇ ಮೊದಲು ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಹುಡುಗಿ ನಮ್ಮ ಕಡೆ ಅಜ್ಜಿಯ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಓದಿದಳು. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿಗೆ 94 ಬಂತು. ಆಮೇಲೆ ಪಿಯುಸಿ, ಆಮೇಲೆ ದಾವಣಗೆರೆಯಲ್ಲೇ ಇಂಜಿನಿಯರಿಂಗ್. ಕೊನೆಯ ವರ್ಷದಲ್ಲಿ ಕಾಲೇಜಿಗೆ ಬಂದ ಕಂಪನಿಯೊಂದರ ಸಂದರ್ಶನದಲ್ಲಿ ಬರವಣಿಗೆಯ ಸುತ್ತು ದಾಟಿ, ತಾಂತ್ರಿಕ ಸುತ್ತು ದಾಟಿ, ಕೊನೆಯ ಸುತ್ತಿಗೆ ಕೂತಳು. ಅಲ್ಲಿ ಕೇಳಿದ್ದು ತೀರಾ ಸುಲಭದ ಪ್ರಶ್ನೆ: ನಿಮ್ಮ ತಂದೆ ಏನು ಮಾಡುತ್ತಾರೆ?

ಅವಳು ಸುಮ್ಮನಾದಳು.

ಆಮೇಲೆ ಊರಿಗೆ ಬಂದಾಗ ನನ್ನ ಮನೆಗೆ ಬಂದು ಅತ್ತಳು. "ಮಿಸ್, ಮಂಡಕ್ಕಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ನಂಗೆ ಬರ್ಲಿಲ್ರಿ. ಭಟ್ಟಿಗೂ ಬರ್ಲಿಲ್ಲ. ಅಲ್ಲಿಗೆ ಬಾಯೇ ಕಟ್ಟಿಹೋಯ್ತು. ಆಮೇಲೆ ಅವ್ರು ಕೇಳಿದ್ದು ಯಾವ್ದೂ ತಲೆಗೆ ಹೋಗ್ಲಿಲ್ಲ." ಅಪ್ಪನ ಕೆಲಸ ಹೇಳೋಕೆ ನಾಚಿಕೊಂಡಳು ಅಂತ ಅವರು ಅಂದುಕೊಂಡಿರಬಹುದು ಎಂಬ ಯೋಚನೆಯೇ ಕೆಲಸ ತಪ್ಪಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿತ್ತು.

ನಾನು ಅವಳನ್ನು ಕೂರಿಸಿಕೊಂಡು ಕೇಳಿದೆ: ಮಂಡಕ್ಕಿ ಹೇಗೆ ಮಾಡ್ತಾರಮ್ಮ, ಹೇಳು. ಕನ್ನಡದಲ್ಲಿ ಪಟಪಟ ಹೇಳಿದಳು. ಭತ್ತ ನೆನೆಸಬೇಕು, ಹುರಿಯಬೇಕು, ಹೊಟ್ಟು ತೆಗೆಯಬೇಕು, ಆ ಅಕ್ಕಿಗೆ ಉಪ್ಪುನೀರು ಹಾಕಬೇಕು, ಕಾದ ಮರಳಿಗೆ ಸುರಿದರೆ ಚಟಚಟ ಅಂತ ಅರಳುತ್ತೆ. ಆಮೇಲೆ ಕೇಳಿದೆ: ರೈಸ್ ಗೊತ್ತಲ್ಲ? ಗೊತ್ತು. ಹಾಟ್? ಸ್ಯಾಂಡ್? ಸಾಲ್ಟ್? ಬಿಗ್? ಲೈಟ್? ಎಲ್ಲವೂ ಗೊತ್ತು. ಇವುಗಳಲ್ಲಿ ಒಂದೂ ಏಳನೇ ತರಗತಿ ದಾಟಿದ ಪದವಲ್ಲ. "ಹಿ ಮೇಕ್ಸ್ ಎ ಸ್ನ್ಯಾಕ್ ಫ್ರಮ್ ರೈಸ್. ದೇ ಪುಟ್ ದಿ ರೈಸ್ ಇನ್ ಹಾಟ್ ಸ್ಯಾಂಡ್ ಅಂಡ್ ಇಟ್ ಬಿಕಮ್ಸ್ ಬಿಗ್ ಅಂಡ್ ಲೈಟ್. ವಿ ಕಾಲ್ ಇಟ್ ಮಂಡಕ್ಕಿ." ಇಷ್ಟು ಹೇಳಲು ಬೇಕಾದ ಇಂಗ್ಲಿಷ್ ಎಲ್ಲ ಅವಳೊಳಗೇ ಇತ್ತು. ಗೊತ್ತಿಲ್ಲದ ಒಂದು ಪದ ಅಡ್ಡ ಬಂದಾಗ ಗೊತ್ತಿರುವ ಹತ್ತು ಪದಗಳನ್ನು ಕರೆದುಕೊಂಡು ಬಳಸಿ ಹೋಗಬಹುದು ಎಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಮೂರು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಾನೂ ಹೇಳಿಕೊಟ್ಟಿರಲಿಲ್ಲ.

ಇನ್ನು ಕೋಟೆಯದು. ಇದು ಆ ಹುಡುಗಿ ಬಂದುಹೋದ ವರ್ಷವೇ ನಡೆದದ್ದು.

ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ಒನಕೆ ಕಿಂಡಿಯ ಹತ್ತಿರ ಒಬ್ಬ ಗೈಡ್ ಇಬ್ಬರು ವಿದೇಶಿ ಪ್ರವಾಸಿಗಳಿಗೆ ಓಬವ್ವನ ಕಥೆ ಹೇಳುತ್ತಿದ್ದರು. ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ತೂರಿ ಬಂದದ್ದು, ಕಾವಲುಗಾರನ ಹೆಂಡತಿ ನೀರಿಗೆಂದು ಬಂದವಳು ಅದನ್ನು ಕಂಡದ್ದು, ಎಲ್ಲ ಸರಾಗವಾಗಿ ಬಂತು. ಒನಕೆಯ ಹತ್ತಿರ ಬಂದಾಗ ಅವರಿಗೆ ಇಂಗ್ಲಿಷ್ ಪದ ಸಿಗಲಿಲ್ಲ. ನಾನು ಅಲ್ಲೇ ನಿಂತು ಗಮನಿಸುತ್ತಿದ್ದೆ. ಅವರು ಕ್ಷಣವೂ ತಡೆಯಲಿಲ್ಲ. "ಲಾಂಗ್ ವುಡ್, ಮೇಡಂ. ವೆರಿ ಹೆವಿ. ಆಲ್ ಹೌಸ್ ಹ್ಯಾವ್. ರೈಸ್ ವಿತ್ ಸ್ಕಿನ್, ನೋ? ಪುಟ್ ಇನ್ ಸ್ಟೋನ್ ಹೋಲ್, ದಿಸ್ ವುಡ್, ಅಪ್ ಡೌನ್, ಅಪ್ ಡೌನ್, ಸ್ಕಿನ್ ಗೋಸ್." ಎರಡೂ ಕೈಯಲ್ಲಿ ಒನಕೆ ಹಿಡಿದ ಹಾಗೆ ಮಾಡಿ ಕುಟ್ಟಿ ತೋರಿಸಿದರು. ಆ ಹೆಂಗಸು "ಓ, ಎ ಪೆಸಲ್!" ಅಂದರು. "ಪೆಸಲ್, ಎಸ್ ಮೇಡಂ, ಬಿಗ್ ಪೆಸಲ್!" ಅಂದವರೇ, ಕಥೆ ಮುಗಿಯುವಷ್ಟರಲ್ಲಿ ಆ ಪದವನ್ನು ಇನ್ನೂ ಮೂರು ಸಲ ಬಳಸಿದರು. ಆಮೇಲೆ ನಾನೇ ಹೋಗಿ ಮಾತಾಡಿಸಿದೆ. "ಅಣ್ಣ, ಇಂಗ್ಲಿಷ್ ಎಲ್ಲಿ ಕಲಿತ್ರಿ?" "ಏಳನೇ ಕ್ಲಾಸಿಗೆ ಬಿಟ್ಟೆ ಟೀಚರ್. ಬರೋರ ಹತ್ರ ಮಾತಾಡ್ತಾ ಮಾತಾಡ್ತಾ ಕಲ್ತಿದ್ದು."

ಅವರ ವ್ಯಾಕರಣಕ್ಕೆ ನಾನು ಪರೀಕ್ಷೆಯಲ್ಲಿ ಎಷ್ಟು ಅಂಕ ಕೊಡುತ್ತಿದ್ದೆ ಎಂದು ಯೋಚಿಸಿ ನನಗೆ ಬೇಸರವಾಯಿತು. ನನ್ನ 94 ಅಂಕದ ಹುಡುಗಿ ಸುಮ್ಮನಾದ ಜಾಗದಲ್ಲೇ ಇವರು ಮಾತು ಮುಂದುವರಿಸಿದ್ದರು. ಅಷ್ಟೇ ಅಲ್ಲ, ಎದುರಿಗಿದ್ದವರ ಬಾಯಿಂದಲೇ ತಮಗೆ ಬೇಕಾದ ಪದವನ್ನೂ ಪಡೆದುಕೊಂಡಿದ್ದರು.

ಅವರು ಮಾಡಿದ್ದಕ್ಕೆ ಭಾಷಾ ಬೋಧನೆಯ ಶಾಸ್ತ್ರದಲ್ಲಿ ಹೆಸರಿದೆ. ಸಂವಹನ ತಂತ್ರ ಎನ್ನುತ್ತಾರೆ. ನಾನು ತರಗತಿಯಲ್ಲಿ 'ಮಾತಿನ ಉಪಾಯ' ಎನ್ನುತ್ತೇನೆ, ಮಕ್ಕಳಿಗೆ ಅದೇ ಹತ್ತಿರ. ಅಮೆರಿಕದ ಲ್ಯಾರಿ ಸೆಲಿಂಕರ್ 1972ರಲ್ಲೇ, ಹೊಸ ಭಾಷೆ ಕಲಿಯುವವರ ಮನಸ್ಸಿನಲ್ಲಿ ನಡೆಯುವ ಕೆಲಸಗಳನ್ನು ವಿವರಿಸುವಾಗ ಇದನ್ನೂ ಸೇರಿಸಿದ್ದರು. ಅದೇ ದಶಕದ ಕೊನೆಯಲ್ಲಿ ಎಲೈನ್ ಟರೋನ್ ಇವುಗಳನ್ನು ವಿಂಗಡಿಸಿ ಹೆಸರಿಟ್ಟರು. ಹತ್ತಿರದ ಇನ್ನೊಂದು ಪದ ಬಳಸುವುದು, ಹೊಸ ಪದವನ್ನೇ ಕಟ್ಟುವುದು, ಬಳಸಿ ವಿವರಿಸುವುದು, ತಾಯಿನುಡಿಯಿಂದ ತರುವುದು, ಕೈಸನ್ನೆ, ಎದುರಿನವರನ್ನು ಕೇಳುವುದು, ಕೊನೆಗೆ ಮಾತನ್ನೇ ಕೈಬಿಡುವುದು. ಟರೋನ್ ಕೊಡುವ ಒಂದು ಉದಾಹರಣೆಯಲ್ಲಿ ಕಲಿಯುವವರೊಬ್ಬರು ಬಲೂನ್ ಎನ್ನಲು ಪದ ಸಿಗದೆ 'ಏರ್‌ಬಾಲ್' ಅಂದಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ತರಗತಿಯ ಹುಡುಗ. ಬೀಸುಕಲ್ಲಿಗೆ ಅವನು 'ಸ್ಟೋನ್ ಮಿಕ್ಸಿ, ನೋ ಕರೆಂಟ್' ಅಂದಿದ್ದ. ಆವತ್ತು ನಾನು ತಿದ್ದಿ ಕೂರಿಸಿದ್ದೆ. ಈಗಾಗಿದ್ದರೆ ಚಪ್ಪಾಳೆ ತಟ್ಟಿಸುತ್ತಿದ್ದೆ.

ಮಾತು ಕೈಬಿಡುವುದೂ ಆ ಪಟ್ಟಿಯಲ್ಲಿದೆ ಎಂಬುದನ್ನು ತಾವು ಗಮನಿಸಬೇಕು. ಸುಮ್ಮನಾಗುವುದು ಕೂಡ ಒಂದು ಉಪಾಯವೇ. ನಮ್ಮ ಮಕ್ಕಳು ಅದೊಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ, ಯಾಕೆಂದರೆ ತರಗತಿಯಲ್ಲಿ ಅದರಷ್ಟು ಸುರಕ್ಷಿತವಾದದ್ದು ಇನ್ನೊಂದಿಲ್ಲ. ತಪ್ಪು ಮಾತಾಡಿದರೆ ಪಕ್ಕದವರು ನಗುತ್ತಾರೆ, ಶಿಕ್ಷಕರು ತಿದ್ದುತ್ತಾರೆ. ಸುಮ್ಮನೆ ನಿಂತರೆ ಪ್ರಶ್ನೆ ಮುಂದಿನ ಬೆಂಚಿಗೆ ಹೋಗುತ್ತದೆ.

1980ರಲ್ಲಿ ಕೆನಡಾದ ಮೈಕೆಲ್ ಕನಾಲ್ ಮತ್ತು ಮೆರಿಲ್ ಸ್ವೇನ್, ಒಂದು ಭಾಷೆಯಲ್ಲಿ ವ್ಯವಹರಿಸಬಲ್ಲ ಸಾಮರ್ಥ್ಯವೆಂದರೆ ಏನೇನು ಸೇರಬೇಕು ಎಂದು ವಿವರಿಸುವಾಗ ವ್ಯಾಕರಣದ ಜ್ಞಾನ ಮತ್ತು ಸಂದರ್ಭಕ್ಕೆ ತಕ್ಕ ಮಾತಿನ ಜ್ಞಾನದ ಜೊತೆಗೆ ಈ ಉಪಾಯದ ಸಾಮರ್ಥ್ಯವನ್ನೂ ಸರಿಸಮವಾಗಿ ಇಟ್ಟರು. ನಾವು ಬಿ.ಎಡ್.ನಲ್ಲಿ ಇವನ್ನೆಲ್ಲ ಓದಿ ಪರೀಕ್ಷೆ ಬರೆದವರೇ. ಆದರೆ ಶಾಲೆಗೆ ಬಂದ ಮೇಲೆ ಮೊದಲನೆಯದನ್ನು ಹಿಡಿದುಕೊಂಡೆವು. ಎರಡನೆಯದನ್ನು ಪಠ್ಯಪುಸ್ತಕ ಅಲ್ಲಿ ಇಲ್ಲಿ ಮುಟ್ಟುತ್ತದೆ. ಮೂರನೆಯದನ್ನು ಯಾರೂ ಕೇಳುವವರಿಲ್ಲ.

ಇದನ್ನು ಕಲಿಸಲು ಬರುತ್ತದೆಯೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಂಗೇರಿಯ ಜೋಲ್ಟಾನ್ ಡೊರ್ನ್ಯೆಯ್ ಇದೇ ಪ್ರಶ್ನೆ ಹಿಡಿದು ಅಲ್ಲಿನ ಪ್ರೌಢಶಾಲೆಗಳಲ್ಲಿ, ನಮ್ಮ ಪ್ರೌಢಶಾಲೆ-ಪಿಯುಸಿ ವಯಸ್ಸಿನ ಮಕ್ಕಳಿಗೆ, ಆರು ವಾರ ತರಬೇತಿ ನಡೆಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಮೂರೇ ಉಪಾಯ: ಕಷ್ಟದ ವಿಷಯದಿಂದ ಮಾತನ್ನು ನಯವಾಗಿ ಬೇರೆಡೆಗೆ ತಿರುಗಿಸುವುದು, ಪದ ಗೊತ್ತಿಲ್ಲದಿದ್ದರೆ ವಿವರಿಸುವುದು, ಯೋಚಿಸಲು ಸಮಯ ಬೇಕಾದಾಗ ಬಾಯಿ ಖಾಲಿ ಬಿಡದೆ ತುಂಬುಮಾತು ಬಳಸುವುದು. ವಸ್ತುಗಳನ್ನು ವಿವರಿಸುವಲ್ಲಿ ಮಕ್ಕಳು ಸುಧಾರಿಸಿದರು, ತುಂಬುಮಾತುಗಳ ಬಳಕೆಯೂ ಹೆಚ್ಚಿತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೊಂದು: ತರಬೇತಿಯಿಂದ ಆದ ಲಾಭಕ್ಕೂ ಆ ಮಕ್ಕಳಿಗೆ ಮೊದಲೇ ಎಷ್ಟು ಇಂಗ್ಲಿಷ್ ಬರುತ್ತಿತ್ತು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. 'ನಮ್ಮ ಮಕ್ಕಳಿಗೆ ಮೊದಲು ಬೇಸಿಕ್ ಬರಲಿ, ಮಾತು ಆಮೇಲೆ' ಎಂದು ನಾವು ಹೇಳುತ್ತಲೇ ಬಂದಿದ್ದೇವಲ್ಲ, ಆ ನೆಪವನ್ನು ಇದು ತೆಗೆದುಹಾಕುತ್ತದೆ. ಜಪಾನಿನಲ್ಲಿ ಯಾಸುವೊ ನಕಾತಾನಿ ಕಾಲೇಜು ವಿದ್ಯಾರ್ಥಿನಿಯರಿಗೆ 12 ವಾರ ಇಂಥದ್ದೇ ಪಾಠ ನಡೆಸಿ 2005ರಲ್ಲಿ ಬರೆದರು. ಉಪಾಯಗಳ ಕಡೆ ಗಮನ ಹರಿಸಿ ಕಲಿತ ಗುಂಪಿನ ಮಾತಿನ ಪರೀಕ್ಷೆಯ ಅಂಕಗಳು ಏರಿದವು. ಹಂಗೇರಿ, ಜಪಾನ್ ಎರಡೂ ಕಡೆ ಶಾಲೆ-ಕಾಲೇಜಿನ ಗೇಟು ದಾಟಿದರೆ ಇಂಗ್ಲಿಷ್ ಅಷ್ಟಾಗಿ ಕಿವಿಗೆ ಬೀಳದ ವಿದ್ಯಾರ್ಥಿಗಳು. ನಮ್ಮ ಕಾಗದಪತ್ರದಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ನಮ್ಮ ಹಳ್ಳಿಯ ಮಗುವಿಗೆ ಅದು ಪರದೇಶದ ಭಾಷೆಯೇ.

ಇದಕ್ಕೆ ಒಪ್ಪದವರೂ ಇದ್ದಾರೆ, ಅವರ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಎರಿಕ್ ಕೆಲ್ಲರ್‌ಮನ್ ಎಂಬ ವಿದ್ವಾಂಸರು 1991ರಲ್ಲಿ, ಈ ಉಪಾಯಗಳನ್ನು ಪ್ರತ್ಯೇಕವಾಗಿ ಕಲಿಸುವ ಅಗತ್ಯವೇ ಇಲ್ಲ, ತಾಯಿನುಡಿಯಲ್ಲಿ ಎಲ್ಲರೂ ಇವನ್ನು ಬಳಸುತ್ತಲೇ ಇರುತ್ತಾರೆ, ಭಾಷೆಯನ್ನು ಇನ್ನಷ್ಟು ಕಲಿಸಿ, ಉಪಾಯಗಳು ತಾವಾಗಿ ಬರುತ್ತವೆ ಎಂದು ವಾದಿಸಿದರು. ಈ ವಾದದ ಅರ್ಧ ನನಗೆ ಪೂರ್ತಿ ಒಪ್ಪಿಗೆ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಅಜ್ಜಿಯರ ಒಗಟುಗಳನ್ನೇ ನೋಡಿ. 'ಸುತ್ತಲೂ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ.' ಮೊಟ್ಟೆ ಎಂಬ ಪದ ಹೇಳದೆ ಮೊಟ್ಟೆಯನ್ನು ಕಣ್ಣಮುಂದೆ ತರುವುದು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.' ಮಲ್ಲಿಗೆ. ಹಂಗೇರಿಯ ಮಕ್ಕಳಿಗೆ ಆರು ವಾರ ಕಲಿಸಿದ್ದರಲ್ಲಿ ಒಂದು ಭಾಗ ಇದೇ ತಾನೆ? ಹಾಗೆಯೇ ತುಂಬುಮಾತು. ಸಂತೆಯಲ್ಲಿ ವ್ಯಾಪಾರ ಮಾಡುವಾಗ ಬೆಲೆ ಯೋಚಿಸುವ ಹೊತ್ತಿಗೆ "ಅದೂ... ಏನಪ್ಪಾ ಅಂದ್ರೆ..." ಎಂದು ಎಳೆಯದ ಮನುಷ್ಯ ನಮ್ಮ ಸೀಮೆಯಲ್ಲಿ ಯಾರಿದ್ದಾರೆ?

ಆದರೆ ಕೆಲ್ಲರ್‌ಮನ್ ಅವರ ಇನ್ನರ್ಧ ಮಾತು ನನ್ನ ತರಗತಿಯಲ್ಲಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಇಷ್ಟೆಲ್ಲ ಬರುವ ಮಗು ಇಂಗ್ಲಿಷ್ ಪಿರಿಯಡ್ಡಿನ ಗಂಟೆ ಹೊಡೆದ ಕೂಡಲೇ ಅದನ್ನೆಲ್ಲ ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಒಳಗೆ ಬರುತ್ತದೆ. ಇಲ್ಲಿ ಸರಿಯಾದ ಉತ್ತರ ಒಂದೇ ಇರುತ್ತದೆ, ಅದು ಗೈಡ್ ಪುಸ್ತಕದಲ್ಲೋ ಬೋರ್ಡಿನ ಮೇಲೋ ಇರುತ್ತದೆ ಎಂದು ಅದು ನಂಬಿದೆ. ಕನ್ನಡದ ಜಾಣತನವನ್ನು ಇಲ್ಲಿಯೂ ಬಳಸಬಹುದು, ಅದಕ್ಕೆ ಅನುಮತಿ ಇದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಮಾಡಿ ತೋರಿಸಬೇಕು. ಇನ್ನು 'ಭಾಷೆಯನ್ನು ಇನ್ನಷ್ಟು ಕಲಿಸಿ' ಎನ್ನುವುದಕ್ಕೆ ಮೆರಿಲ್ ಸ್ವೇನ್ ಅವರು 1985ರಷ್ಟು ಮೊದಲೇ ಉತ್ತರ ಕೊಟ್ಟಿದ್ದಾರೆ. ಕೆನಡಾದ ಶಾಲೆಗಳಲ್ಲಿ ವರ್ಷಗಟ್ಟಲೆ ಫ್ರೆಂಚಿನಲ್ಲೇ ಪಾಠ ಕೇಳಿದ ಮಕ್ಕಳಿಗೆ ಅರ್ಥಮಾಡಿಕೊಳ್ಳಲು ಚೆನ್ನಾಗಿ ಬರುತ್ತಿತ್ತು, ಮಾತಾಡುವಾಗ ಮಾತ್ರ ಫ್ರೆಂಚ್ ಮನೆಮಾತಿನ ಮಕ್ಕಳಿಗಿಂತ ಹಿಂದೆ ಬೀಳುತ್ತಿದ್ದರು. ಕೇಳಿಸಿಕೊಂಡರೆ ಸಾಲದು, ಬಾಯಿಂದ ಹೊರಡಿಸಬೇಕು, ಹೊರಡಿಸುವಾಗ ಎಡವಿದಾಗಲೇ ಏನು ಗೊತ್ತಿಲ್ಲ ಎಂಬುದು ಕಲಿಯುವವರಿಗೆ ತಿಳಿಯುತ್ತದೆ ಎಂಬುದು ಅವರ ತಿಳಿವು. ಕೋಟೆಯ ಗೈಡ್ ಅಣ್ಣನಿಗೆ 'ಪೆಸಲ್' ದಕ್ಕಿದ್ದು ಹೀಗೇ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅಂದರೆ ಈಗ ನನ್ನ ಮುಂದೆ ಎಸ್‌ಎಸ್‌ಎಲ್‌ಸಿಗೆ ಕೂರುವ ಪ್ರತಿ ಮಗುವೂ ಹತ್ತು ವರ್ಷ ಇಂಗ್ಲಿಷ್ ಓದಿದ ಮಗು. ಹತ್ತು ವರ್ಷ! ಅಷ್ಟು ವರ್ಷ ಓದಿಯೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ದಾರಿ ಕೇಳಿದರೆ ನಮ್ಮ ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಡಗುತ್ತಾರೆ. ಚಳ್ಳಕೆರೆಯ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ದಾವಣಗೆರೆಯ ತುಂಬ ವೃತ್ತಿಶಿಕ್ಷಣ ಕಾಲೇಜುಗಳಿವೆ. ಇಂಗ್ಲಿಷ್ ಇನ್ನು ಬೆಂಗಳೂರಿನ ಮಾತಾಗಿ ಉಳಿದಿಲ್ಲ, ನಮ್ಮ ಮಕ್ಕಳ ಮನೆ ಬಾಗಿಲಿಗೇ ಬಂದಿದೆ.

ಆ ಹುಡುಗಿ ಅತ್ತು ಹೋದ ಮೇಲೆ ನಾನು ಶನಿವಾರದ ಬೆಳಗಿನ ಪಿರಿಯಡ್ಡಿನಲ್ಲಿ 15 ನಿಮಿಷ ಇದಕ್ಕೇ ಎತ್ತಿಟ್ಟೆ. ಮೊದಲ ಪ್ರಯತ್ನ ಸೋತಿತು. 'ಲೆಟ್ ಮಿ ಥಿಂಕ್', 'ಇಟ್ಸ್ ಎ ಕೈಂಡ್ ಆಫ್', 'ಸಾರಿ, ಕ್ಯಾನ್ ಯು ಸೇ ದಟ್ ಅಗೇನ್' ಎಂಬ ಮಾತುಗಳನ್ನು ಬೋರ್ಡಿನ ಮೇಲೆ ಬರೆದೆ. ಮಕ್ಕಳು ಅಚ್ಚುಕಟ್ಟಾಗಿ ನೋಟ್ಸ್ ಬರೆದುಕೊಂಡರು, ಕೋರಸ್ಸಿನಲ್ಲಿ ಹೇಳಿದರು, ಬಾಯಿಪಾಠ ಒಪ್ಪಿಸಿದರು. ಎರಡನೇ ವಾರ ಜೋಡಿಯಾಗಿ ಮಾತಾಡಿ ಅಂದರೆ ಒಬ್ಬರೂ ಒಂದು ಸಲವೂ ಬಳಸಲಿಲ್ಲ. ಬೇಕಾದ ಸಂದರ್ಭವನ್ನೇ ಹುಟ್ಟಿಸದೆ ಮಾತು ಕೊಟ್ಟಿದ್ದೆ.

ಆಮೇಲೆ ಒಗಟಿನಿಂದ ಶುರುಮಾಡಿದೆ. ಮನೆಯಿಂದ ವಸ್ತುಗಳನ್ನು ತರಲು ಹೇಳಿದೆ, ಇಂಗ್ಲಿಷ್ ಹೆಸರು ಗೊತ್ತಿರಬಾರದು ಎಂಬುದೊಂದೇ ಷರತ್ತು. ಮೊರ ಬಂತು, ಬೆರಣಿ ಬಂತು, ಕಡಗೋಲು ಬಂತು, ಎತ್ತಿನ ಕೊರಳಿನ ಗಗ್ಗರ ಬಂತು. ಒಬ್ಬರು ವಸ್ತುವನ್ನು ಚೀಲದೊಳಗೇ ಇಟ್ಟುಕೊಂಡು ಇಂಗ್ಲಿಷಿನಲ್ಲಿ ವಿವರಿಸಬೇಕು, ಎದುರಿಗಿರುವವರು ಕಂಡುಹಿಡಿಯಬೇಕು. ಅರ್ಥವಾಗದಿದ್ದರೆ ಸುಮ್ಮನಿರುವಂತಿಲ್ಲ, ಪ್ರಶ್ನೆ ಕೇಳಲೇಬೇಕು. ಬೆರಣಿ ತಂದ ಹುಡುಗಿ "ಕೌ ಗಿವ್ಸ್. ವಿ ಮೇಕ್ ಇಟ್ ರೌಂಡ್ ಲೈಕ್ ರೊಟ್ಟಿ. ವಿ ಪುಟ್ ಆನ್ ವಾಲ್, ಸನ್ ಮೇಕ್ಸ್ ಡ್ರೈ, ದೆನ್ ಫೈರ್" ಅಂದಳು. ಅಷ್ಟೊಂದು ನಗು ಆ ಕೋಣೆಯಲ್ಲಿ ನಾನು ಕೇಳಿರಲಿಲ್ಲ, ಮತ್ತು ಅದು ಯಾರನ್ನೋ ಹೀಯಾಳಿಸುವ ನಗುವಾಗಿರಲಿಲ್ಲ. ಮೊಳಕಾಲ್ಮೂರಿನ ಕಡೆಯಿಂದ ಬಂದು ಸೇರಿದ ನೇಕಾರರ ಮನೆಯ ಹುಡುಗನೊಬ್ಬ ಸೀರೆಯ ಸೆರಗನ್ನು ವಿವರಿಸಿದ್ದನ್ನು ಇಡೀ ಶಾಲೆ ಈಗಲೂ ನೆನೆಸುತ್ತದೆ: "ಲಾಸ್ಟ್ ಪಾರ್ಟ್ ಆಫ್ ಸಾರಿ, ಗೋಸ್ ಆನ್ ಶೋಲ್ಡರ್, ಮೈ ಫಾದರ್ ವರ್ಕ್ಸ್ ಮೋರ್ ಡೇಸ್ ಫಾರ್ ಇಟ್." ನಾಲ್ಕನೇ ಶನಿವಾರದ ಹೊತ್ತಿಗೆ 'ಇಟ್ಸ್ ಲೈಕ್', 'ಡು ಯು ಮೀನ್', 'ವೇಟ್, ವೇಟ್' ಎಂಬ ಮಾತುಗಳು ನೋಟ್‌ಬುಕ್ ಬಿಟ್ಟು ಬಾಯಿಗೆ ಬಂದವು, ಯಾಕೆಂದರೆ ಈಗ ಅವುಗಳ ಅಗತ್ಯ ಬಿದ್ದಿತ್ತು.

ಎಲ್ಲ ಉಪಾಯಗಳೂ ಒಳ್ಳೆಯವಲ್ಲ ಎನ್ನುವುದನ್ನೂ ಮಕ್ಕಳೇ ಕಂಡುಕೊಂಡರು. 'ತಲೆ ತಿನ್ನಬೇಡ' ಎಂಬುದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಕೇಳಿದ ಪರದೇಶದವರಿಗೆ ಗಾಬರಿಯಾಗುತ್ತದೆ, 'ಟೇಬಲ್ ಮೇಲಿನ ಆ ಐಟಮ್' ಎಂದಷ್ಟೇ ಹೇಳಿದರೆ ಎದುರಿನವರಿಗೆ ಏನೂ ತಿಳಿಯುವುದಿಲ್ಲ. ಯಾವ ಉಪಾಯ ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂದು ಆಟ ಮುಗಿದ ಮೇಲೆ ಐದು ನಿಮಿಷ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಆ ಐದು ನಿಮಿಷ ಬಿಟ್ಟರೆ ಇದು ಬರೀ ಆಟವಾಗಿ ಉಳಿಯುತ್ತದೆ, ಇದು ನನ್ನ ಗಟ್ಟಿ ಅನುಭವ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಬರಕೂಡದು ಎನ್ನುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಆ ವರ್ಷದ ಕೊನೆಗೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?" ತುಂಟತನದಿಂದ ಕೇಳಿದ್ದಲ್ಲ. ಅವನ ಅಪ್ಪ ಅಮ್ಮ ಕೂಲಿಗೆ ಹೋಗುವವರು, ಅವನಿಗೆ ಹತ್ತನೇ ತರಗತಿಯ ಅಂಕವೇ ಮುಂದಿನ ದಾರಿ. ಸೊನ್ನೆ ಮಾರ್ಕ್ಸಿಗೆ ಎಂದು ನಾನು ಉತ್ತರ ಹೇಳಬೇಕಾಯಿತು. ಈ ಪತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮಾನ್ಯರೆ, ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಆ 80ರ ಬಗ್ಗೆ ನಾನೇನೂ ಕೇಳುತ್ತಿಲ್ಲ. ಆಂತರಿಕ 20ರಲ್ಲಿ ಕೇವಲ 5 ಅಂಕವನ್ನು ನಿಜವಾದ ಮಾತುಕತೆಗೆ ಮೀಸಲಿಡಿ ಎಂದು ಕೇಳುತ್ತಿದ್ದೇನೆ. ಬಾಯಿಪಾಠ ಮಾಡಿದ ಭಾಷಣಕ್ಕೆ ಅಲ್ಲ, ಪದ್ಯ ಒಪ್ಪಿಸುವುದಕ್ಕೆ ಅಲ್ಲ. ಇಬ್ಬರು ಮಕ್ಕಳು ಎದುರುಬದುರು ಕೂತು, ಮೊದಲೇ ಗೊತ್ತಿಲ್ಲದ ಒಂದು ಚಿತ್ರವನ್ನೋ ವಸ್ತುವನ್ನೋ ಐದು ನಿಮಿಷ ಇಂಗ್ಲಿಷಿನಲ್ಲಿ ಒಬ್ಬರಿಗೊಬ್ಬರು ತಿಳಿಸಬೇಕು. ಅಂಕ ಕೊಡುವಾಗ ವಾಕ್ಯ ಸರಿಯಿತ್ತೇ ಎಂದು ನೋಡುವುದು ಬೇಡ, ಅದನ್ನು ಲಿಖಿತ ಪರೀಕ್ಷೆ ನೋಡಿಕೊಳ್ಳುತ್ತದೆ. ಮಾತು ಕಡಿದಾಗ ಮಗು ಏನು ಮಾಡಿತು? ಬೇರೆ ದಾರಿ ಹುಡುಕಿತೇ? ಅರ್ಥವಾಗದಿದ್ದಾಗ ಕೇಳಿತೇ? ಎದುರಿನ ಗೆಳತಿ ತಡವರಿಸಿದಾಗ ಕೈಹಿಡಿಯಿತೇ? ಇವಿಷ್ಟು ಸಾಕು. ನಡುವೆ ಕನ್ನಡ ಪದವೊಂದು ಬಂದರೆ ಅಂಕ ಕಡಿಯಬಾರದು. ಮಂಡಕ್ಕಿಯನ್ನು ಮಂಡಕ್ಕಿ ಎಂದೇ ಹೇಳಿ ಅದೇನೆಂದು ವಿವರಿಸುವ ಮಗು ನನ್ನ ದೃಷ್ಟಿಯಲ್ಲಿ ಪೂರ್ತಿ ಅಂಕಕ್ಕೆ ಅರ್ಹ.

50 ಮಕ್ಕಳ ತರಗತಿಯಲ್ಲಿ ಇದು ಆಗುವ ಮಾತೇ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಜೋಡಿಗೆ ಐದು ನಿಮಿಷವೆಂದರೆ 25 ಜೋಡಿಗೆ ಸುಮಾರು ಎರಡು ಗಂಟೆ, ಅಂದರೆ ಒಂದು ಎಫ್‌ಎಗೆ (ಆಂತರಿಕ ಅಂಕದ ರೂಪಣಾತ್ಮಕ ಮೌಲ್ಯಮಾಪನಕ್ಕೆ) ಮೂರು ಪಿರಿಯಡ್ಡು. ಈಗ ನಾವು ಆಂತರಿಕ ಅಂಕಕ್ಕೆಂದು ಮಕ್ಕಳಿಂದ ಪ್ರಾಜೆಕ್ಟ್ ಬರೆಸಿ, ರಟ್ಟು ಹಾಕಿಸಿ, ತಿದ್ದಲು ಇದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದೇವೆ.

ಡಯಟ್ ಪ್ರಾಂಶುಪಾಲರಲ್ಲಿ ನನ್ನ ಬಿನ್ನಹ ಬೇರೆ. ಇದನ್ನು ಇನ್ನೊಂದು ದಪ್ಪ ಕೈಪಿಡಿ ಮಾಡಬೇಡಿ. ನಾನು ಹೋಗಿದ್ದ ಒಂದು ತರಬೇತಿಯಲ್ಲಿ ಮೂರು ದಿನ ಸಂವಹನದ ಬಗ್ಗೆ ಸ್ಲೈಡ್‌ಗಳನ್ನು ನೋಡಿದೆವು, ಮೂರೂ ದಿನ ನಾವು ಶಿಕ್ಷಕರು ಒಂದು ವಾಕ್ಯ ಇಂಗ್ಲಿಷ್ ಮಾತಾಡಲಿಲ್ಲ. ನಮಗೂ ಭಯವಿದೆ, ಅದನ್ನು ಒಪ್ಪಿಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥ ಅನೇಕರು ಮಕ್ಕಳ ಮುಂದೆ ಪದ ಸಿಗದೆ ಎಡವಿದರೆ ಮಾನ ಹೋದಂತೆ ಎಂದುಕೊಂಡಿದ್ದೇವೆ. ನಾನು ಈಗ ಮಕ್ಕಳ ಮುಂದೆ ಬೇಕೆಂದೇ ನಿಂತು, "ವಾಟ್ಸ್ ದಿ ವರ್ಡ್... ಇಟ್ಸ್ ಲೈಕ್..." ಎಂದು ಗಟ್ಟಿಯಾಗಿ ಯೋಚಿಸಿ ತೋರಿಸುತ್ತೇನೆ. ಟೀಚರಿಗೂ ಪದ ಸಿಗುವುದಿಲ್ಲ, ಸಿಗದಿದ್ದರೆ ಹೀಗೆ ಮಾಡುತ್ತಾರೆ ಎಂದು ಮಕ್ಕಳು ನೋಡಲಿ. ಶಿಕ್ಷಕರ ತರಬೇತಿಯೂ ಹೀಗೇ ಇರಲಿ: ಒಂದು ದಿನ ಸಾಕು, ನಮ್ಮ ಕೈಗೂ ಹೆಸರು ಗೊತ್ತಿಲ್ಲದ ವಸ್ತು ಕೊಡಿ, ನಮ್ಮನ್ನೇ ಎದುರುಬದುರು ಕೂರಿಸಿ. ಆಟಕ್ಕೆ ಬೇಕಾದ ಸಾಮಾನು ಎರಡೂ ಜಿಲ್ಲೆಯ ಪ್ರತಿ ಮನೆಯಲ್ಲಿದೆ, ಒಂದು ಪೈಸೆ ಖರ್ಚಿಲ್ಲ.

ತಂದೆ ತಾಯಂದಿರೇ, ನಿಮಗೂ ಒಂದು ಮಾತು. ಪಟ್ಟಣದಲ್ಲಿ ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸುವಾಗ, ಅಲ್ಲಿ ಮಕ್ಕಳು ಎಷ್ಟು ಹೊತ್ತು ಮಾತಾಡುತ್ತಾರೆ, ಎಷ್ಟು ಹೊತ್ತು ಬರೆದುಕೊಳ್ಳುತ್ತಾರೆ ಎಂದು ಕೇಳಿ. ಮನೆಯಲ್ಲಿ ಮಗು ಮುರುಕು ಇಂಗ್ಲಿಷಿನಲ್ಲಿ ಏನಾದರೂ ಅಂದರೆ ನಗಬೇಡಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ಮಗುವಿಗೆ ಕನ್ನಡದಲ್ಲಿ ಒಗಟು ಹೇಳಿ. ಅದು ನನ್ನ ಪಾಠಕ್ಕೆ ಎಷ್ಟು ಸಹಾಯವೆಂದು ನಿಮಗೆ ಗೊತ್ತಿಲ್ಲ.

ಆ ಮಂಡಕ್ಕಿ ಭಟ್ಟಿಯವರ ಮಗಳಿಗೆ ಎಂಟು ತಿಂಗಳ ನಂತರ ಬೇರೆ ಕಡೆ ಕೆಲಸ ಸಿಕ್ಕಿತು. ಅಲ್ಲಿಯೂ ತಂದೆಯ ಬಗ್ಗೆ ಕೇಳಿದರಂತೆ. ಅಕ್ಕಿ, ಮರಳು, ಬೆಂಕಿ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು "ಓ, ಪಫ್ಡ್ ರೈಸ್!" ಅಂದರಂತೆ. ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿದ್ದ ಖುಷಿಯನ್ನು ನಾನು ಈ ಕಾಗದದಲ್ಲಿ ತರಲಾರೆ.

ಈ ಸಲವೂ ದಸರಾ ರಜೆ ಮುಗಿದ ಮೇಲೆ ಒಂಬತ್ತನೇ ತರಗತಿಯವರನ್ನು ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಪ್ರತಿ ನಾಲ್ಕು ಮಕ್ಕಳಿಗೆ ಒಂದೊಂದು ಜಾಗ ಹಂಚಿಕೊಟ್ಟಿದ್ದೇನೆ: ಏಕನಾಥೇಶ್ವರಿ ಗುಡಿ, ಅಕ್ಕ ತಂಗಿಯರ ಹೊಂಡ, ತುಪ್ಪದ ಕೊಳ, ಒನಕೆ ಕಿಂಡಿ. ಬಂದವರಿಗೆ ಅವರೇ ಇಂಗ್ಲಿಷಿನಲ್ಲಿ ತೋರಿಸುತ್ತಾರೆ. ತಾವೂ ಬರಬೇಕು. ಕನ್ನಡ ಬಾರದವರ ಹಾಗೆ ನಿಂತು ಕೇಳಿ, ಅರ್ಥವಾಗದಿದ್ದರೆ ಮತ್ತೆ ಕೇಳಿ. ತುಪ್ಪದ ಕೊಳಕ್ಕೆ ಯಾಕೆ ಆ ಹೆಸರು ಎಂದು ಕೇಳುವುದನ್ನು ಮರೆಯಬೇಡಿ, ಆ ಗುಂಪಿನವರು ಎರಡು ವಾರದಿಂದ ಅದಕ್ಕಾಗಿಯೇ ತಯಾರಾಗುತ್ತಿದ್ದಾರೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಒಬ್ಬ ಇಂಗ್ಲಿಷ್ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಚಿತ್ರದುರ್ಗ ತಾಲ್ಲೂಕು